ಫೋರ್ಡ್ 8ಎನ್ ಟ್ರ್ಯಾಕ್ಟರ್: ಚೋಕ್ ಎಳೆದರೆ ಮಾತ್ರ ಸರಿ ಓಡುತ್ತದೆ. ಗವರ್ನರ್ ಹೋಗಿದೆಯಾ?

ಕೆಂಪುಹೊಟ್ಟೆ:
ಎಲ್ಲರಿಗೂ ನಮಸ್ಕಾರ. ನಾನಿರುವುದು ಮಿಷಿಗನ್‌ನಲ್ಲಿ. ಮನೆ ಹಿಂದೆ ನಾಲ್ಕು ಎಕರೆ ಹುಲ್ಲು. ಅದಕ್ಕೆಂದು ಹೋದ ವರ್ಷ ಒಂದು ಫೋರ್ಡ್ 8ಎನ್ ಕೊಂಡೆ, 1951ರದು. ಹೊಸ ಬಣ್ಣಕ್ಕೆ ಮರುಳಾದೆ ಅನ್ನಿ. ಚಳಿಗಾಲ ಪೂರ್ತಿ ಶೆಡ್ಡಲ್ಲೇ ನಿಂತಿತ್ತು. ಈಗ ಶುರುವಾಗುತ್ತದೆ, ಆದರೆ ಚೋಕ್ ಒಳಗೆ ತಳ್ಳಿದ ಕೂಡಲೇ "ವ್ರೂಂ... ಊಂ... ವ್ರೂಂ... ಊಂ" ಅಂತ ಏದುಸಿರು ಬಿಡುತ್ತದೆ. ಎಂಜಿನ್ ವೇಗದ ಮೀಟರ್ ಮುಳ್ಳು 1100 ಆರ್‌ಪಿಎಂನಿಂದ (ನಿಮಿಷಕ್ಕೆ ಇಷ್ಟು ಸುತ್ತು) 1700ಕ್ಕೆ ಹೋಗಿ ಬರುತ್ತದೆ. ಚೋಕ್ ಅರ್ಧ ಎಳೆದು ಹಿಡಿದರೆ ಸಮವಾಗಿ ಓಡುತ್ತದೆ. ಹುಲ್ಲು ಕತ್ತರಿಸುವ ಯಂತ್ರ ಹಾಕಿ ದಟ್ಟ ಹುಲ್ಲಿಗೆ ನುಗ್ಗಿಸಿದರೆ ದಮ್ಮು ಕಟ್ಟಿ ಆಫ್. ಗವರ್ನರ್, ಅಂದರೆ ಎಂಜಿನ್ ವೇಗ ಹಿಡಿತದಲ್ಲಿಡುವ ಭಾಗ, ಸವೆದಿದೆ ಅಂತ ಪಕ್ಕದ ಮನೆಯವರು ಹೇಳಿದರು. ಹೊಸದು ತರಿಸಲಾ?

ಹಳೇಕಬ್ಬಿಣ:
ತರಿಸಬೇಡಿ ಸರ್. ನನ್ನ ಹತ್ತಿರವೂ 8ಎನ್ ಇದೆ, ಈ ರಾಗ ಚೆನ್ನಾಗಿ ಗೊತ್ತು. ಉತ್ತರ ನೀವು ಬರೆದಿದ್ದರಲ್ಲೇ ಇದೆ. ಚೋಕ್ ಎಳೆದರೆ ಸರಿಯಾಗುತ್ತದೆ ಅಂದರೆ ಎಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲಿಂದಲೋ ಕಳ್ಳಗಾಳಿ ಸೇರುತ್ತಿದೆ. ಚೋಕ್ ಗಾಳಿ ಮುಚ್ಚಿ ಆ ಕೊರತೆಯನ್ನು ಮರೆಮಾಚುತ್ತದೆ, ಅಷ್ಟೇ.

ಈ ಟ್ರ್ಯಾಕ್ಟರಲ್ಲಿ ನಿಮ್ಮ ಕೈಯ ಥ್ರಾಟಲ್ ಲಿವರ್ (ವೇಗ ಏರಿಸುವ ಹಿಡಿ) ನೇರವಾಗಿ ಕಾರ್ಬೊರೇಟರನ್ನು, ಅಂದರೆ ಪೆಟ್ರೋಲ್-ಗಾಳಿ ಬೆರೆಸುವ ಭಾಗವನ್ನು, ತೆರೆಯುವುದಿಲ್ಲ. ಅದು ಒಂದು ಸ್ಪ್ರಿಂಗ್ ಎಳೆಯುತ್ತದೆ. ಸ್ಪ್ರಿಂಗ್ ಕಾರ್ಬೊರೇಟರಿನ ಥ್ರಾಟಲ್ ತಟ್ಟೆ ತೆರೆಯಲು ನೋಡುತ್ತದೆ. ಎಂಜಿನ್ ಮುಂದುಗಡೆ ಗೇರಿನಿಂದ ತಿರುಗುವ ಗವರ್ನರ್, ವೇಗ ಏರಿದಂತೆ ಅದನ್ನು ಮುಚ್ಚಲು ನೋಡುತ್ತದೆ. ಇಬ್ಬರ ಜಗ್ಗಾಟ ಎಲ್ಲಿ ನಿಲ್ಲುತ್ತದೋ ಅದೇ ನಿಮ್ಮ ಆರ್‌ಪಿಎಂ. ಪೆಟ್ರೋಲ್ ಕಮ್ಮಿಯಾದಾಗ ಎಂಜಿನ್ ಕುಗ್ಗುತ್ತದೆ. ಸ್ಪ್ರಿಂಗ್ ಗೆದ್ದು ಥ್ರಾಟಲ್ ತೆರೆಯುತ್ತದೆ. ಸ್ವಲ್ಪ ತಡವಾಗಿ ಎಂಜಿನ್ ಹಿಡಿದುಕೊಂಡು ಮೇಲೆ ಹಾರುತ್ತದೆ. ಗವರ್ನರ್ ಗಾಬರಿಯಾಗಿ ಮುಚ್ಚುತ್ತದೆ. ಮತ್ತೆ ಮೊದಲಿಂದ ಅದೇ ಕತೆ. ಅಂದರೆ ನಿಮ್ಮ ಗವರ್ನರ್ ಕೆಲಸ ಮಾಡುತ್ತಲೇ ಇದೆ, ಪಾಪ. ಕೆಟ್ಟ ಗವರ್ನರ್ ಸಾಮಾನ್ಯವಾಗಿ ಹೀಗೆ ತಾಳ ಹಾಕುವುದಿಲ್ಲ. ಭಾರ ಬಿದ್ದಾಗ ಸುಮ್ನೆ ಮಲಗುತ್ತದೆ, ಇಲ್ಲವೇ ಹದ್ದು ಮೀರಿ ರೇಸ್ ಆಗುತ್ತದೆ.

ಮೊದಲು ಪೆಟ್ರೋಲ್ ಹರಿವು ನೋಡಿ. ಎಂಜಿನ್ ತಣ್ಣಗಿರಲಿ, ಟ್ರ್ಯಾಕ್ಟರ್ ಶೆಡ್ಡಿನಿಂದ ಹೊರಗಿರಲಿ. ಕಾರ್ಬೊರೇಟರ್ ತಳದ ಡ್ರೈನ್ ಬೋಲ್ಟ್ ಬಿಚ್ಚಿ, ಕೆಳಗೆ ಗಾಜಿನ ಜಾರ್ ಹಿಡಿದು, ಟ್ಯಾಂಕಿನ ಟ್ಯಾಪ್ ಎರಡು ಸುತ್ತು ತೆರೆಯಿರಿ. ಎರಡು ನಿಮಿಷದೊಳಗೆ ಸುಮಾರು ಅರ್ಧ ಲೀಟರ್ ಬರಬೇಕು. ಶುರುವಿಗೆ ಜೋರಾಗಿ ಬಂದು ಆಮೇಲೆ ತೊಟ್ಟಿಕ್ಕಿದರೂ ಫೇಲ್ ಅಂತಲೇ ಲೆಕ್ಕ. ಮೊದಲು ಬರುವುದು ಕಾರ್ಬೊರೇಟರಿನ ಬೌಲಿನಲ್ಲಿ (ತಳದ ಬಟ್ಟಲಲ್ಲಿ) ನಿಂತಿದ್ದ ಪೆಟ್ರೋಲ್, ಅದಕ್ಕೆ ಮೋಸ ಹೋಗಬೇಡಿ.

ಪಂಪ್‌ಸೆಟ್ ಹಾಸನ:
ನಮ್ಮ ಕಡೆ ನಾನು 8ಎನ್ ನೋಡಿಲ್ಲ. ಆದರೆ ಪೆಟ್ರೋಲಲ್ಲಿ ಶುರು ಮಾಡಿ ಸೀಮೆಎಣ್ಣೆಗೆ ತಿರುಗಿಸುವ ಸಣ್ಣ ಪಂಪ್‌ಸೆಟ್ ಬೇಕಾದಷ್ಟು ಬಿಚ್ಚಿದ್ದೇನೆ. ರೋಗ ಅದೇ. ಒಬ್ಬರು ಚೋಕ್‌ಗೆ ತಂತಿ ಬಿಗಿದು ಇಡೀ ಬೇಸಿಗೆ ಅಡಿಕೆ ತೋಟಕ್ಕೆ ನೀರು ಹಾಯಿಸಿದ್ದರು. ಬಿಚ್ಚಿದರೆ ಪ್ಲಗ್ ಇದ್ದಿಲ ತುಂಡಾಗಿತ್ತು, ಆಯಿಲ್ ನೀರಿನ ಹಾಗೆ ತೆಳ್ಳಗಾಗಿತ್ತು. ಅಣ್ಣ, ನೀವೂ ಚೋಕ್ ಎಳೆದು ಜಾಸ್ತಿ ಓಡಿಸಿದ್ದರೆ ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಆಯಿಲ್ ಬದಲಿಸಿಯೇ ಮುಂದಿನ ಮಾತು.

ಗದ್ದೆಬದು:
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮ ಡೀಸೆಲ್ ಟ್ರ್ಯಾಕ್ಟರೂ ಹೀಗೇ ಏರಿಳಿಯುತ್ತದೆ. ಅದಕ್ಕೆ ಚೋಕೇ ಇಲ್ವಲ್ಲ?

ಹಳೇಕಬ್ಬಿಣ:
ಇಲ್ಲ. ಡೀಸೆಲ್ಲಲ್ಲಿ ಗವರ್ನರ್ ಇರುವುದು ಪಂಪಿನೊಳಗೆ. ಅದು ಗಾಳಿ ಮುಟ್ಟುವುದಿಲ್ಲ, ಡೀಸೆಲ್ ಅಳತೆ ಬದಲಿಸುತ್ತದೆ. ಫಿಲ್ಟರ್ ನೋಡಿ, ಲೈನಿನಲ್ಲಿ ಏರ್ ಹಿಡಿದಿದೆಯಾ ನೋಡಿ. ಪಂಪಿನ ಸೀಲ್ ಮಾತ್ರ ನೀವೇ ಒಡೆಯಬೇಡಿ. ಉಳಿದಿದ್ದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಎರಡೂ ಕಲಸಿಹೋಗುತ್ತದೆ.

ಕೆಂಪುಹೊಟ್ಟೆ:
ಡಿಪ್‌ಸ್ಟಿಕ್ ಮೂಸಿದೆ. ಬಂಕಿನಲ್ಲಿ ನಿಂತ ಹಾಗಿತ್ತು! ಆಯಿಲ್ ಬದಲಿಸಿದೆ. ಜಾರ್ ಪರೀಕ್ಷೆಯಲ್ಲಿ ಅರ್ಧ ಲೀಟರಿಗೆ ಏಳು ನಿಮಿಷ ಹಿಡಿಯಿತು. ಆದರೆ ಟ್ಯಾಪಿನ ಕೆಳಗಿನ ಗಾಜಿನ ಬಟ್ಟಲು, ಅದರ ಮೇಲಿನ ಜಾಲರಿ ಎರಡೂ ಸ್ವಚ್ಛವಾಗಿವೆ. ಇನ್ನೆಲ್ಲಿ ಹುಡುಕಲಿ?

ಹಳೇಕಬ್ಬಿಣ:
ಜಾಲರಿ ಮೂರು. ಒಂದು ನೀವು ನೋಡಿದ್ದು. ಇನ್ನೊಂದು ಟ್ಯಾಂಕಿನ ಒಳಗೆ, ಟ್ಯಾಪಿನ ತುದಿಗೆ ನಿಂತಿರುತ್ತದೆ. ಮೂರನೆಯದರ ಸುದ್ದಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಪೆಟ್ರೋಲ್ ಪೈಪ್ ಕಾರ್ಬೊರೇಟರಿಗೆ ಸೇರುವಲ್ಲಿ ಒಂದು ಹಿತ್ತಾಳೆಯ ಮೊಣಕೈ ಇದೆಯಲ್ಲ, ಅದನ್ನು ತಿರುಗಿಸಿ ತೆಗೆಯಿರಿ. ಜಾಲರಿ ಅದಕ್ಕೇ ಅಂಟಿಕೊಂಡಿರುತ್ತದೆ.

ಕೆಂಪುಹೊಟ್ಟೆ:
ಸಿಕ್ಕಿತು ಕಳ್ಳ! ಬೆರಳುಗುರಿನಷ್ಟು ಜಾಲರಿ. ಅದರ ಮೇಲೆ ಕಂದು ಬಣ್ಣದ ಅಂಟು, ಥೇಟ್ ಜೋನಿ ಬೆಲ್ಲ. ತೊಳೆದೆ, ಕಾರ್ಬೊರೇಟರಿನ ಜೆಟ್‌ಗಳಿಗೂ (ಪೆಟ್ರೋಲ್ ಹಾಯುವ ಸಣ್ಣ ತೂತುಗಳಿಗೂ) ಗಾಳಿ ಹೊಡೆದೆ. ಈಗ ಅರ್ಧ ಲೀಟರ್ ಒಂದೂಕಾಲು ನಿಮಿಷದಲ್ಲಿ ಬರುತ್ತದೆ. ದಟ್ಟ ಹುಲ್ಲಿನಲ್ಲೂ ಆಫ್ ಆಗುತ್ತಿಲ್ಲ.

ಆದರೆ ಭಾರ ಇಲ್ಲದೆ ನಿಂತಾಗ ಸಣ್ಣಗೆ ಏರಿಳಿತ ಇನ್ನೂ ಇದೆ. ಜೊತೆಗೆ ಹೊಸದೊಂದು ತಲೆನೋವು: ಈಗ ಕಪ್ಪು ಹೊಗೆ.

ಹಳೇಕಬ್ಬಿಣ:
ಎಥನಾಲ್ ಬೆರೆತ ಪೆಟ್ರೋಲ್ ತಿಂಗಳುಗಟ್ಟಲೆ ನಿಂತರೆ ಹೀಗೇ. ಮುಂದಿನ ಚಳಿಗಾಲಕ್ಕೆ ಮುಂಚೆ ಬೌಲ್ ಬರಿದು ಮಾಡಿ.

ಹೊಗೆಗೆ ಚೋಕ್ ನೋಡಿ. ಎಳೆಯುವ ಗುಬ್ಬಿ ಪೂರ್ತಿ ಒಳಗಿದೆ ಅಂತ ನಂಬಬೇಡಿ, ಗಾಳಿ ಮುಚ್ಚುವ ಚೋಕ್ ತಟ್ಟೆಯನ್ನು ಕಣ್ಣಾರೆ ನೋಡಬೇಕು. ಏರ್ ಕ್ಲೀನರಿನಿಂದ ಬರುವ ರಬ್ಬರ್ ಹೋಸ್ ಕಳಚಿದರೆ ಕಾರ್ಬೊರೇಟರಿನ ಬಾಯಲ್ಲೇ ಕಾಣುತ್ತದೆ. ಮೇನ್ ಜೆಟ್ ಸೂಜಿಯನ್ನು (ಪೆಟ್ರೋಲ್ ಅಳತೆಯ ತಿರುಪು) ಮೊದಲು ಯಾರೋ ಜಾಸ್ತಿ ಬಿಚ್ಚಿಟ್ಟಿರಲೂಬಹುದು. ಮೆಲ್ಲಗೆ ಪೂರ್ತಿ ಮುಚ್ಚಿ, ಅಲ್ಲಿಂದ ಒಂದೂವರೆ ಸುತ್ತು ಬಿಚ್ಚಿ ಶುರು ಮಾಡಿ. ಬಿಗಿಯಾಗಿ ಮುಚ್ಚಿದರೆ ಸೂಜಿಯ ಮೂತಿ ಹಾಳಾಗುತ್ತದೆ. ಐಡಲ್ ಸೂಜಿ (ನಿಧಾನ ಓಟಕ್ಕಿರುವುದು) ಉಲ್ಟಾ, ನೆನಪಿರಲಿ. ಅದು ಗಾಳಿಯ ಸೂಜಿ, ಒಳಗೆ ತಿರುಗಿಸಿದಷ್ಟೂ ಪೆಟ್ರೋಲ್ ಪಾಲು ಜಾಸ್ತಿ.

ಏರಿಳಿತಕ್ಕೆ ಎಂಜಿನ್ ಓಡುತ್ತಿರುವಾಗಲೇ ಥ್ರಾಟಲ್ ಶಾಫ್ಟ್ (ಥ್ರಾಟಲ್ ತಟ್ಟೆ ತಿರುಗುವ ಕಡ್ಡಿ) ಬುಡಕ್ಕೆ ಎಣ್ಣೆ ಕ್ಯಾನಿನಿಂದ ಎರಡು ಹನಿ ಬಿಡಿ. ಕೆಲವು ಸೆಕೆಂಡ್ ಸಮವಾಗಿ ಓಡಿದರೆ ಅಲ್ಲೇ ಕಳ್ಳಗಾಳಿ. ಸ್ಟಾರ್ಟಿಂಗ್ ಸ್ಪ್ರೇ ಮಾತ್ರ ಬೇಡ. ಈ ಎಂಜಿನ್ನಿನಲ್ಲಿ ಗಾಳಿ ಒಳಬರುವ ಇನ್‌ಟೇಕ್, ಕಾದ ಹೊಗೆಯ ಎಕ್ಸಾಸ್ಟ್ ಎರಡೂ ಒಂದೇ ಎರಕ, ಬೆಂಕಿ ಹತ್ತಬಹುದು. ತುಂಬು ತೋಳಿನ ಅಂಗಿ ಹಾಕಿಕೊಂಡು ಫ್ಯಾನ್ ಹತ್ತಿರ ಬಗ್ಗಬೇಡಿ. ಆಮೇಲೆ ಎಂಜಿನ್ ಆಫ್ ಮಾಡಿ, ಗವರ್ನರಿನಿಂದ ಕಾರ್ಬೊರೇಟರಿನವರೆಗೆ ಒಂದೊಂದೇ ಕೀಲು ಕೈಯಲ್ಲಿ ಆಡಿಸಿ. ಫೋಟೊ ಹಾಕಿ.

ಕೆಂಪುಹೊಟ್ಟೆ:
ಫೋಟೊ ಹಾಕಿದ್ದೇನೆ. ಚೋಕ್ ರಾಡ್ ನಡುವೆ ಬಾಗಿದೆ. ಗುಬ್ಬಿ ಒಳಗೆ ಹೋದರೂ ತಟ್ಟೆ ಕಾಲು ಭಾಗ ಮುಚ್ಚಿಯೇ ಇತ್ತು! ಇಷ್ಟು ದಿನ ಗೊತ್ತಾಗದೇ ಇದ್ದಿದ್ದು ಪೆಟ್ರೋಲೂ ಕಮ್ಮಿ ಬರುತ್ತಿದ್ದಕ್ಕೆ ಅನಿಸುತ್ತದೆ, ಅಲ್ವಾ? ರಾಡ್ ನೆಟ್ಟಗೆ ಮಾಡಿದೆ, ಹೊಗೆ ಹೋಯಿತು. ಎಣ್ಣೆ ಬಿಟ್ಟಾಗ ಹತ್ತು ಸೆಕೆಂಡ್ ತಣ್ಣಗೆ ಓಡಿ ಮತ್ತೆ ಶುರು. ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಟಕ್ ಟಕ್ ಅನ್ನುತ್ತದೆ.

ಪಂಪ್‌ಸೆಟ್ ಹಾಸನ:
ಫೋಟೊದಲ್ಲಿ ಆ ಗವರ್ನರ್ ಸ್ಪ್ರಿಂಗ್ ನೋಡಿದಿರಾ? ಬಾಗಿಲಿಗೆ ಹಾಕುವ ಸ್ಪ್ರಿಂಗ್ ಇದ್ದ ಹಾಗಿದೆ.

ಹಳೇಕಬ್ಬಿಣ:
ಹಾಸನದವರ ಕಣ್ಣು ಚುರುಕು. ಅದು ಮೂಲದ್ದಲ್ಲ. ಸ್ಪ್ರಿಂಗಿನ ಬಿಗಿ ಬದಲಾದರೆ ಗವರ್ನರಿನ ಲೆಕ್ಕವೇ ತಪ್ಪುತ್ತದೆ. ಹೊಸ ಸ್ಪ್ರಿಂಗ್, ಸವೆದ ಶಾಫ್ಟಿಗೆ ಬುಶ್ (ಸುತ್ತ ಕೂರುವ ಬಳೆ), ಎರಡೂ ಸಿಗುತ್ತವೆ. ಹಾಕಿದ ಮೇಲೆ ರಾಡ್ ಅಳತೆ ಮಾಡಿ. ಎಂಜಿನ್ ಆಫ್ ಇರಲಿ. ಕೈ ಲಿವರ್ ಪೂರ್ತಿ ಎಳೆಯಿರಿ, ಕಾರ್ಬೊರೇಟರ್ ಥ್ರಾಟಲನ್ನೂ ಪೂರ್ತಿ ತೆರೆದು ಹಿಡಿಯಿರಿ. ಗವರ್ನರ್ ರಾಡಿನ ತುದಿ ಎಳೆಯದೆ, ತಳ್ಳದೆ ತನ್ನ ಜಾಗಕ್ಕೆ ಕೂರಬೇಕು. ಕೂರದಿದ್ದರೆ ತುದಿಯನ್ನು ತಿರುಗಿಸಿ ಉದ್ದ ಸರಿಮಾಡಿ. ಮೊದಲ ಸಲ ಓಡಿಸುವಾಗ ಒಂದು ಕೈ ಇಗ್ನಿಷನ್ ಕೀ ಮೇಲಿರಲಿ. ಭಾರ ಇಲ್ಲದೆ 2200 ದಾಟಬಾರದು.

ಕೆಂಪುಹೊಟ್ಟೆ:
ಎರಡು ವಾರ ಆಯಿತು, ಪಾರ್ಟ್ಸ್ ಬರುವುದು ತಡವಾಯಿತು. ಬುಶ್, ಸ್ಪ್ರಿಂಗ್ ಹಾಕಿ ರಾಡ್ ಸೆಟ್ ಮಾಡಿದೆ. ನಿನ್ನೆ 1500ಕ್ಕೆ ಇಟ್ಟು ಹಿಂದಿನ ಎಕರೆ ಪೂರ್ತಿ ಕತ್ತರಿಸಿದೆ. ದಟ್ಟ ಹುಲ್ಲು ಸಿಕ್ಕಾಗ ಮುಳ್ಳು ಸ್ವಲ್ಪ ಇಳಿಯುತ್ತದೆ, ಎಂಜಿನ್ ಗುರ್ ಅಂದು ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಗವರ್ನರನ್ನು ಬಿಚ್ಚಲೇ ಇಲ್ಲ.

ಒಂದು ಕೊನೇ ಪ್ರಶ್ನೆ. ಬೆಳಿಗ್ಗೆ ತಣ್ಣಗಿರುವಾಗ ಚೋಕ್ ಎಷ್ಟು ಹೊತ್ತು ಎಳೆಯಬೇಕು? ನಿನ್ನೆ ಕಾರ್ಬೊರೇಟರ್ ಕೆಳಗೆ ಪೆಟ್ರೋಲ್ ತೊಟ್ಟಿಕ್ಕಿತು.

ಹಳೇಕಬ್ಬಿಣ:
ಜಾಸ್ತಿ ಎಳೆದಿದ್ದೀರಿ. ಇದು ಕೆಳಗಿಂದ ಮೇಲಕ್ಕೆ ಎಳೆದುಕೊಳ್ಳುವ ಕಾರ್ಬೊರೇಟರ್, ಹೆಚ್ಚಾದದ್ದು ಕೆಳಗೆ ಸುರಿಯುತ್ತದೆ. ಎಂಜಿನ್ ಎರಡು ಮೂರು ಸುತ್ತು ತಿರುಗುವವರೆಗೆ ಪೂರ್ತಿ ಎಳೆಯಿರಿ. ಹಿಡಿದುಕೊಂಡ ಕೂಡಲೇ ಅರ್ಧಕ್ಕೆ ಬಿಡಿ, ಒಂದೆರಡು ನಿಮಿಷದಲ್ಲಿ ಪೂರ್ತಿ ಒಳಗೆ. ತೊಟ್ಟಿಕ್ಕುವುದು ಕಂಡರೆ ಸ್ಟಾರ್ಟ್ ಬಟನ್ ಮುಟ್ಟದೆ, ಟ್ಯಾಪ್ ಮುಚ್ಚಿ, ಹತ್ತು ನಿಮಿಷ ಬಿಟ್ಟು ಬನ್ನಿ. ಚೋಕ್ ಎಳೆಯದೇ ಇರುವಾಗಲೂ ತೊಟ್ಟಿಕ್ಕಿದರೆ ಬೌಲ್ ತುಂಬಿದಾಗ ಪೆಟ್ರೋಲ್ ನಿಲ್ಲಿಸುವ ಫ್ಲೋಟ್ ಸೂಜಿ ಸರಿಯಾಗಿ ಕೂರುತ್ತಿಲ್ಲ ಅಂತ ಅರ್ಥ, ಆಗ ಮತ್ತೆ ಬರೆಯಿರಿ.

ಪಂಪ್‌ಸೆಟ್ ಹಾಸನ:
ಆ ಬಾಗಿಲ ಸ್ಪ್ರಿಂಗ್ ಎಸೆಯಬೇಡಿ ಅಣ್ಣ, ಶೆಡ್ ಬಾಗಿಲಿಗಾಗುತ್ತದೆ.