ಸಿಂಪೋಸಿಯಾನ್: ಸಂಕಿರಣವೋ, ಪಾನಗೋಷ್ಠಿಯೋ, ಸಪೀತಿಯೋ?

ಮಾನ್ಯರೇ,

ಪ್ರಾಚೀನ ಗ್ರೀಕರ ದಿನಚರಿಯನ್ನು ಕುರಿತ ಅಧ್ಯಾಯವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಹೆಜ್ಜೆಹೆಜ್ಜೆಗೂ ಬರುವ ‘ಸಿಂಪೋಸಿಯಾನ್’ ಎಂಬ ಪದ ನನ್ನನ್ನು ತಡೆದು ನಿಲ್ಲಿಸಿದೆ. ರೂಢಿಯಲ್ಲಿರುವಂತೆ ‘ವಿಚಾರ ಸಂಕಿರಣ’ ಎಂದೇ ಮೊದಲು ಬರೆದಿದ್ದೆ. ಮರುದಿನ ಓದಿ ನೋಡಿದಾಗ, ‘ವಿಚಾರ ಸಂಕಿರಣಕ್ಕೆ ಬಂದವರು ಮಂಚದ ಮೇಲೆ ಎಡ ಮೊಣಕೈ ಊರಿ ಒರಗಿಕೊಂಡು ಬಟ್ಟಲು ಎತ್ತಿದರು’ ಎಂಬ ವಾಕ್ಯ ಕಣ್ಣಿಗೆ ಬಿದ್ದು ನನಗೇ ನಗು ಬಂತು.

ಪದದ ಅರ್ಥ ಸರಳವಾಗಿದೆ. ‘ಸಿನ್’ ಎಂದರೆ ಜೊತೆಗೆ, ‘ಪೋಸಿಸ್’ ಎಂದರೆ ಕುಡಿಯುವುದು. ಈ ಎರಡನೆಯ ಭಾಗವೂ ಸಂಸ್ಕೃತದ ‘ಪಾ’ ಧಾತುವೂ ಒಂದೇ ಬೇರಿನವು. ಊಟ ಮುಗಿದು, ದೇವತೆಗಳಿಗೆ ತರ್ಪಣ ಬಿಟ್ಟ ಮೇಲೆ ಇದು ಆರಂಭವಾಗುತ್ತಿತ್ತು. ದ್ರಾಕ್ಷಿಯ ಮದ್ಯವನ್ನು ಹಾಗೆಯೇ ಕುಡಿಯುವುದು ಅನಾಗರಿಕರ ಲಕ್ಷಣವೆಂದು ಎಣಿಸುತ್ತಿದ್ದುದರಿಂದ ‘ಕ್ರಾಟೆರ್’ ಎಂಬ ದೊಡ್ಡ ಪಾತ್ರೆಯಲ್ಲಿ ಅದಕ್ಕೆ ನೀರು ಬೆರೆಸುತ್ತಿದ್ದರು. ಎಷ್ಟು ಪಾಲಿಗೆ ಎಷ್ಟು ನೀರು ಎಂಬುದನ್ನು ಆ ರಾತ್ರಿಗೆಂದು ಆರಿಸಿದ ಮುಖ್ಯಸ್ಥ ಹೇಳುತ್ತಿದ್ದ. ಹಾಡು, ಒಗಟು, ವಾದ ಎಲ್ಲವೂ ಇರುತ್ತಿದ್ದವು. ಬಟ್ಟಲಿನ ಹಿಡಿಗೆ ಬೆರಳು ತೂರಿಸಿ, ತಳದಲ್ಲಿ ಉಳಿದ ಗಷ್ಟನ್ನು ಗುರಿಯಿಟ್ಟು ಚಿಮ್ಮಿಸುವ ‘ಕೊಟ್ಟಬೋಸ್’ ಎಂಬ ಆಟವೂ ಇತ್ತು. (ಮರುದಿನ ನೆಲ ಒರೆಸಿದ ಆಳುಗಳನ್ನು ಯಾರೂ ನೆನೆದಂತೆ ಕಾಣುವುದಿಲ್ಲ.) ಮನೆಯ ಹೆಂಡತಿ, ಮಗಳು ಅಲ್ಲಿಗೆ ಬರುವಂತಿರಲಿಲ್ಲ. ಕೋಣೆಯ ಹೆಸರೇ ‘ಆಂಡ್ರೋನ್’, ಗಂಡಸರ ಕೋಣೆ. ಕ್ರಿ.ಪೂ. 348ರಲ್ಲಿ ಮ್ಯಾಸಿಡೋನಿಯದ ಎರಡನೆಯ ಫಿಲಿಪ್ ಹಾಳುಗೆಡವಿದ ಒಲಿಂಥಸ್ ನಗರದ ಮನೆಗಳಲ್ಲಿ ಈ ಕೋಣೆಯ ಬಾಗಿಲು ಗೋಡೆಯ ನಡುವೆ ಇರದೆ ಒಂದು ಪಕ್ಕಕ್ಕೆ ಸರಿದಿದೆ. ಗೋಡೆಯುದ್ದಕ್ಕೂ ಮಂಚಗಳು ಸಾಲಾಗಿ ಹಿಡಿಯಲಿ ಎಂದು ಹಾಗೆ ಇಟ್ಟದ್ದು.

ಹಾಗಾದರೆ ‘ವಿಚಾರ’ ಎಲ್ಲಿಂದ ಬಂತು? ಪ್ಲೇಟೋನ ‘ಸಿಂಪೋಸಿಯಾನ್’ ಎಂಬ ಸಂವಾದದಲ್ಲಿ, ನಾಟಕಸ್ಪರ್ಧೆ ಗೆದ್ದ ಅಗಾಥಾನನ ಮನೆಗೆ ಬಂದ ಅತಿಥಿಗಳು ಹಿಂದಿನ ರಾತ್ರಿಯ ಕುಡಿತದಿಂದ ಬಳಲಿರುತ್ತಾರೆ. ಆಗ ಎರಿಕ್ಸಿಮಾಕಸ್ ಎಂಬ ವೈದ್ಯ, ವಾದ್ಯದ ಹುಡುಗಿಯನ್ನು ಕಳಿಸಿಬಿಡೋಣ, ಇಂದು ಮಾತಿನಲ್ಲೇ ಕಾಲ ಕಳೆಯೋಣ ಎನ್ನುತ್ತಾನೆ. ನಮ್ಮ ‘ಸಂಕಿರಣ’ ಈ ಮಾತಿನ ಕವಲಿನಿಂದ ಇಂಗ್ಲಿಷಿನ ‘ಸಿಂಪೋಸಿಯಂ’ ಮೂಲಕ ಬಂದ ಅರ್ಥಕ್ಕೆ ಮಾತ್ರ ಹೊಂದುತ್ತದೆ.

ಬದಲಿ ಪದಗಳನ್ನು ಹುಡುಕುತ್ತಾ ಹೋದಾಗ ಅಮರಕೋಶದಲ್ಲಿ ‘ಸಪೀತಿ’ ಸಿಕ್ಕಿತು. ಕೂಡಿ ಉಣ್ಣುವುದು ‘ಸಗ್ಧಿ’, ಕೂಡಿ ಕುಡಿಯುವುದು ‘ಸಪೀತಿ’. ಗ್ರೀಕ್ ಪದಕ್ಕೆ ಅಳತೆ ತೆಗೆದು ಹೊಲಿದಂತಿದೆ, ಆದರೆ ಇಂದಿನ ಓದುಗರಲ್ಲಿ ಎಷ್ಟು ಮಂದಿಗೆ ತಿಳಿದೀತು? ವಾತ್ಸ್ಯಾಯನ ಹೇಳುವ ನಾಗರಕನ, ಅಂದರೆ ಪಟ್ಟಣದ ರಸಿಕನ, ವಿನೋದಗಳಲ್ಲಿ ‘ಗೋಷ್ಠೀಸಮವಾಯ’ದ (ಗೋಷ್ಠಿಗೆ ಕೂಡುವುದರ) ಪಕ್ಕದಲ್ಲೇ ‘ಸಮಾಪಾನಕ’ (ಕೂಡಿ ಕುಡಿಯುವುದು) ಇದೆ. ಅದನ್ನು ‘ಸಮಾಪಾನ’ ಎಂದು ಹಗುರ ಮಾಡಿದರೆ ಅಚ್ಚಿನಲ್ಲಿ ಒಂದು ದೀರ್ಘ ತಪ್ಪಿ ‘ಸಮಾಪನ’ವಾಗುವ, ಅಂದರೆ ಗೋಷ್ಠಿ ಆರಂಭವಾಗುವ ಮೊದಲೇ ಮುಗಿದುಹೋಗುವ ಅಪಾಯವಿದೆ. ಅಚ್ಚಗನ್ನಡದಲ್ಲಿ ‘ಒಡಗುಡಿತ’ ಎಂದು ಕಟ್ಟಿ ನೋಡಿದೆ. ಆದರೆ ‘ಕುಡಿತ’ ಎಂದ ಕೂಡಲೇ ಚಟದ ನೆನಪಾಗುತ್ತದೆ.

ಸದ್ಯಕ್ಕೆ ನನ್ನ ಒಲವು ‘ಪಾನಗೋಷ್ಠಿ’ಯ ಕಡೆಗಿದೆ. ಪತ್ರಿಕೆಗಳಲ್ಲಿ ಈ ಪದ ಹೆಚ್ಚಾಗಿ ತೋಟದ ಮನೆಯ ಮೇಲೆ ನಡೆದ ಪೊಲೀಸ್ ದಾಳಿಯ ಜೊತೆಗೇ ಬರುತ್ತದೆ ಎಂಬುದು ನಿಜ. ಆದರೂ ಮಧುಪಾನ ನಮ್ಮ ಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಒಂದು, ಮತ್ತು ‘ಗೋಷ್ಠಿ’ ಎಂಬುದು ಕವಿಗೋಷ್ಠಿಯಲ್ಲಿ ಇನ್ನೂ ತನ್ನ ಮರ್ಯಾದೆಯನ್ನು ಉಳಿಸಿಕೊಂಡಿದೆ. ಕುಡಿಯುವುದು ಮತ್ತು ಮಾತಾಡುವುದು ಎರಡನ್ನೂ ಹೊರಬಲ್ಲ ಪದ ನನಗೆ ಬೇರೆ ಕಾಣಲಿಲ್ಲ. ಹಳಗನ್ನಡದಲ್ಲಿ ಇದಕ್ಕಿಂತ ಒಪ್ಪುವ ಪ್ರಯೋಗವನ್ನು ಕಂಡವರು ದಯವಿಟ್ಟು ಪದ್ಯದ ಸಹಿತ ತಿಳಿಸಬೇಕು.

ಇದರ ಜೊತೆಗೇ ಇನ್ನೊಂದು ಪ್ರಶ್ನೆ. ಪ್ಲೇಟೋನ ಸಂವಾದದ ಆ ಹುಡುಗಿ ನುಡಿಸುತ್ತಿದ್ದ ‘ಔಲೋಸ್’ ಅನ್ನು ‘ಕೊಳಲು’ ಎಂದು ಬರೆಯುವುದುಂಟು. ಆದರೆ ಅದು ಬಾಯಲ್ಲಿ ಪೀಪಿಯಿಟ್ಟು ಊದುವ, ಎರಡು ನಳಿಕೆಗಳನ್ನು ಒಟ್ಟಿಗೇ ಹಿಡಿಯುವ ವಾದ್ಯ. ದನಿಯಲ್ಲಿ ಓಲಗದ ಬಳಗಕ್ಕೆ ಸೇರಿದ್ದು. ಮುಖವೀಣೆಯೂ ಊದುವ ವಾದ್ಯವೇ ಆದ್ದರಿಂದ ‘ಜೋಡಿ ಮುಖವೀಣೆ’ ಎಂದರೆ ಒಪ್ಪೀತೇ, ಅಥವಾ ‘ವೀಣೆ’ ಎಂಬ ಹೆಸರಿನಿಂದ ಓದುಗರು ಅದನ್ನು ತಂತಿವಾದ್ಯವೆಂದೇ ತಿಳಿದಾರೇ?