ದೋಣಿ ಗಟ್ಟಿ ಮಾಡಿದ ಆಚಾರಿಗೆ ಪದಕ ಇಲ್ಲ. ಇದು ಸರಿಯಾ?

ಬೇಲೂರು ರೋಡ್ ಹುಡುಗಿ, ಹಾಸನ
ನಮ್ಮಪ್ಪ ಮರಗೆಲಸದವರು. ಸಕಲೇಶಪುರದ ಕಡೆ ತೋಟದ ಬಂಗಲೆಗಳಲ್ಲಿ ನಲವತ್ತು ವರ್ಷ ಕೆಲಸ ಮಾಡಿದ್ದಾರೆ. ಹೋದ ವಾರ ದಕ್ಷಿಣ ಧ್ರುವದ ಕಡೆ ತಂಡ ಕಟ್ಟಿಕೊಂಡು ಹೋದ ಶಾಕಲ್ಟನ್ ಕಥೆ ಓದಿದೆ. ಅದರಲ್ಲಿ ಒಬ್ಬ ಬಡಗಿ ಸಿಕ್ಕಿದ, ಸ್ಕಾಟ್ಲೆಂಡಿನ ಹ್ಯಾರಿ ಮೆಕ್‌ನಿಶ್. ಅವತ್ತಿಂದ ಅವನೇ ತಲೆಯಲ್ಲಿ ಕೂತಿದ್ದಾನೆ.

ಅವರ ಎಂಡ್ಯೂರನ್ಸ್ ಹಡಗು 1915ರಲ್ಲಿ ಮಂಜುಗಡ್ಡೆಗೆ ಸಿಕ್ಕಿ ಅಪ್ಪಚ್ಚಿಯಾಯಿತು. 28 ಜನ ತಿಂಗಳುಗಟ್ಟಲೆ ಮಂಜಿನ ಮೇಲೇ ಇದ್ದು, ಕೊನೆಗೆ ಎಲಿಫೆಂಟ್ ದ್ವೀಪ ಸೇರಿದರು. ಸಹಾಯ ತರಲು ಅಲ್ಲಿಂದ ಆರು ಜನ ಸುಮಾರು 1300 ಕಿ.ಮೀ. ಸಮುದ್ರ ದಾಟಿ ಸೌತ್ ಜಾರ್ಜಿಯಾಕ್ಕೆ ಹೋದರು. ದೋಣಿ ಎಷ್ಟುದ್ದ ಗೊತ್ತಾ? 22.5 ಅಡಿ. ನಮ್ಮನೆ ಹಜಾರದಷ್ಟು.

ಆ ದೋಣಿಯ ಪಕ್ಕ ಎತ್ತರಿಸಿದ್ದು ಮೆಕ್‌ನಿಶ್. ಪೆಟ್ಟಿಗೆ ಮುಚ್ಚಳ, ಮಂಜಿನ ಮೇಲೆ ಎಳೆಯುವ ಜಾರುಬಂಡಿಯ ಪಟ್ಟಿ, ಕ್ಯಾನ್ವಾಸ್, ಇಷ್ಟರಲ್ಲೇ ಮೇಲೆ ಮುಚ್ಚಿಗೆ ಮಾಡಿದ. ಆರು ಜನರಲ್ಲಿ ಅವನೂ ಒಬ್ಬ. ಆದರೆ ಧ್ರುವಯಾತ್ರೆ ಮಾಡಿದವರಿಗೆ ಬ್ರಿಟನ್ ಕೊಡುವ ಪೋಲಾರ್ ಪದಕಕ್ಕೆ ಶಾಕಲ್ಟನ್ ಅವನ ಹೆಸರನ್ನೇ ಕಳಿಸಲಿಲ್ಲ. ಮಂಜಿನ ಮೇಲೆ ದೋಣಿ ಎಳೆಯುವಾಗ ಒಂದು ದಿನ "ಹಡಗೇ ಹೋದ ಮೇಲೆ ನಿಮ್ಮ ಮಾತು ಯಾಕೆ ಕೇಳಲಿ" ಅಂತ ಎದುರು ನಿಂತಿದ್ದನಂತೆ.

ನನಗೆ ಯಾಕೆ ಉರಿಯಿತು ಅಂದರೆ, ಒಂದು ಮನೆ ಕೆಲಸದಲ್ಲಿ ಅಪ್ಪ "ಬೀಟೆ ಇನ್ನೂ ಹಸಿ ಇದೆ, ಈಗಲೇ ಬಾಗಿಲು ಮಾಡಿದರೆ ತಿರುಚಿಕೊಳ್ಳುತ್ತೆ" ಅಂತ ಎರಡು ವಾರ ಉಳಿ ಮುಟ್ಟಲಿಲ್ಲ. ಮಾಲೀಕರಿಗೆ ಸಿಟ್ಟು. ಗೃಹಪ್ರವೇಶದ ದಿನ ಇಂಜಿನಿಯರಿಗೆ ಶಾಲು, ಪೇಂಟಿನವರಿಗೂ ಶಾಲು. ಅಪ್ಪನನ್ನು ಕರೆಯಲೇ ಇಲ್ಲ. ಆ ಬಾಗಿಲು ಇವತ್ತಿಗೂ ಒಂದು ಬೆರಳಲ್ಲಿ ತಳ್ಳಿದರೆ ಸಾಕು, ಸದ್ದಿಲ್ಲದೆ ತೆಗೆಯುತ್ತೆ.

ಮಾಜಿ ಹವಾಲ್ದಾರ್, ಚಿಕ್ಕಮಗಳೂರು
ತಂಗಿ, ಬೇಜಾರು ಮಾಡಿಕೊಳ್ಳಬೇಡಮ್ಮ. ನಾನು ಶಾಕಲ್ಟನ್ ಕಡೆ. ಸಿಯಾಚಿನ್‌ನಲ್ಲಿ ಇದ್ದವನು ನಾನು. ಅಂಥ ಜಾಗದಲ್ಲಿ ಒಬ್ಬ "ಆಗಲ್ಲ" ಅಂದರೆ ಸಂಜೆಯೊಳಗೆ ನಾಲ್ಕು ಜನ ಅನ್ನುತ್ತಾರೆ. ಅವತ್ತು ಗದರಿದ್ದು ಸರಿ. ಊರಿಗೆ ಬಂದ ಮೇಲೂ ಮನಸ್ಸಲ್ಲಿಟ್ಟುಕೊಂಡಿದ್ದು ಮಾತ್ರ ದೊಡ್ಡವರ ಲಕ್ಷಣ ಅಲ್ಲ.

ಇನ್ನೊಂದು ಬಿಟ್ಟಿದ್ದೀಯ. ಸೌತ್ ಜಾರ್ಜಿಯಾದಲ್ಲಿ ಇಳಿದದ್ದು ಜನ ಇಲ್ಲದ ದಡದಲ್ಲಿ. ಆಚೆ ಕಡೆಯ ತಿಮಿಂಗಿಲ ಬೇಟೆಯವರ ಠಾಣೆಗೆ ಹೋಗಬೇಕಾದರೆ ಹಿಮದ ಬೆಟ್ಟ ಹತ್ತಬೇಕು. ಮೆಕ್‌ನಿಶ್ ದೋಣಿಯಿಂದಲೇ ಸ್ಕ್ರೂ ಬಿಚ್ಚಿ, ಹೋಗುವವರ ಬೂಟಿನ ಅಡಿಗೆ ಹಾಕಿಕೊಟ್ಟ. ಆ ಚಳಿಯಲ್ಲಿ ಬರಿಗೈಲಿ ಕಬ್ಬಿಣ ಮುಟ್ಟಿದರೆ ಚರ್ಮ ಕಿತ್ತು ಬರುತ್ತೆ, ನನಗೆ ಗೊತ್ತು. ಮೂರು ಜನ 36 ಗಂಟೆ ನಡೆದು ಬೆಟ್ಟ ದಾಟಿದರು.

ಅವರಲ್ಲಿ ಒಬ್ಬ ಟಾಮ್ ಕ್ರೀನ್, ಐರ್ಲೆಂಡಿನ ರೈತನ ಮಗ. 1912ರಲ್ಲಿ, ದಕ್ಷಿಣ ಧ್ರುವಕ್ಕೆ ಹೋದ ಸ್ಕಾಟ್ ಅನ್ನುವವನ ತಂಡದಲ್ಲಿದ್ದಾಗ, ಸಾಯುತ್ತಿದ್ದ ಅಧಿಕಾರಿಯನ್ನು ಉಳಿಸಲು ಒಬ್ಬನೇ 18 ಗಂಟೆ, ಸುಮಾರು 56 ಕಿ.ಮೀ. ನಡೆದಿದ್ದ. ಜೇಬಲ್ಲಿ ಮೂರು ಬಿಸ್ಕತ್ತು, ಎರಡು ತುಂಡು ಚಾಕ್ಲೇಟು. ಆಮೇಲೆ ಊರಿಗೆ ಹೋಗಿ ಹೆಂಡದಂಗಡಿ ಇಟ್ಟುಕೊಂಡು ತೆಪ್ಪಗಿದ್ದ. 'ಸೌತ್ ಪೋಲ್ ಇನ್' ಅಂತ ಅದರ ಹೆಸರು. ನನಗೆ ಅವನೇ ಜಾಸ್ತಿ ಇಷ್ಟ.

ತೋಟದ ರೈಟರ್, ಮೂಡಿಗೆರೆ
ಇಪ್ಪತ್ತು ವರ್ಷದಿಂದ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಬರೆಯುತ್ತಿದ್ದೇನೆ. ಕಾಫಿ ಮೂಟೆ ಮೇಲೆ ತೋಟದ ಹೆಸರು ಬರುತ್ತೆ, ಕುಯ್ದವರ ಹೆಸರು ನನ್ನ ಪುಸ್ತಕದಲ್ಲೇ ಉಳಿಯುತ್ತೆ.

ಉತ್ತರ ಧ್ರುವದಲ್ಲೂ ಇದೇ ಕಥೆ. 1909ರಲ್ಲಿ ಅಮೆರಿಕದ ಪಿಯರಿ ಅಲ್ಲಿ ಮುಟ್ಟಿದೆ ಅಂದ. ಮುಟ್ಟಿದನೋ ಇಲ್ಲವೋ ಅಂತ ಇನ್ನೂ ಜಗಳ ಇದೆ, ಬಿಡಿ. ಅವನ ಜೊತೆ ಕೊನೆವರೆಗೂ ಹೋದವರು ಐದು ಜನ. ಕರಿಯ ಜನಾಂಗದ ಮ್ಯಾಥ್ಯೂ ಹೆನ್ಸನ್, ಮತ್ತೆ ಆ ಹಿಮದ ಸೀಮೆಯ ಮೂಲನಿವಾಸಿಗಳಾದ ನಾಲ್ವರು ಇನ್ಯೂಟ್‌ಗಳು: ಊಟಾ, ಎಗಿಂಗ್ವಾ, ಸೀಗ್ಲೂ, ಊಕಿಯಾ. ಜಾರುಬಂಡಿ ಕಟ್ಟುತ್ತಿದ್ದವನು, ನಾಯಿ ಓಡಿಸುತ್ತಿದ್ದವನು, ಅಲ್ಲಿನವರ ಭಾಷೆ ಕಲಿತವನು ಹೆನ್ಸನ್. ಪಿಯರಿಗೆ ನೌಕಾಪಡೆಯಲ್ಲಿ ಬಡ್ತಿ ಸಿಕ್ಕಿತು. ಹೆನ್ಸನ್ ನ್ಯೂಯಾರ್ಕಿನ ಕಸ್ಟಮ್ಸ್ ಆಫೀಸಲ್ಲಿ ಗುಮಾಸ್ತನಾದ. ಸತ್ತು ಮೂವತ್ತು ವರ್ಷ ದಾಟಿದ ಮೇಲೆ, 1988ರಲ್ಲಿ, ಅವನ ಶವಪೆಟ್ಟಿಗೆ ತೆಗೆದು ಅಮೆರಿಕದ ಸೈನಿಕರ ಸ್ಮಶಾನ ಆರ್ಲಿಂಗ್ಟನ್‌ನಲ್ಲಿ ಪಿಯರಿ ಸಮಾಧಿಯ ಹತ್ತಿರ ಮರ್ಯಾದೆಯಿಂದ ಹೂಳಿದರು.

ಮಲೆನಾಡ್ ಮಳೆ
ಬೆಕ್ಕಿನ ವಿಷಯ ಯಾರೂ ಎತ್ತಲಿಲ್ಲವಲ್ಲ! ಮೆಕ್‌ನಿಶ್ ಹಿಂದೆ ಸುತ್ತುತ್ತಿದ್ದ ಬೆಕ್ಕು, ಹೆಸರು ಮಿಸೆಸ್ ಚಿಪ್ಪಿ, ಆದರೆ ಗಂಡು. ಹಡಗು ಹೋದ ಮೇಲೆ ಶಾಕಲ್ಟನ್ ಅದನ್ನು ಗುಂಡು ಹೊಡೆಸಿ ಕೊಲ್ಲಿಸಿದ. ಈಗ ನ್ಯೂಜಿಲೆಂಡಿನಲ್ಲಿ ಮೆಕ್‌ನಿಶ್ ಸಮಾಧಿ ಮೇಲೆ ಕಂಚಿನ ಬೆಕ್ಕು ಮಲಗಿದೆ. 2004ರಲ್ಲಿ ಇಟ್ಟಿದ್ದು.

ಬೇಲೂರು ರೋಡ್ ಹುಡುಗಿ, ಹಾಸನ
ಎಲ್ಲರಿಗೂ ಥ್ಯಾಂಕ್ಸ್. ಹವಾಲ್ದಾರ್ ಅಣ್ಣ, ನಿಮ್ಮ ಮಾತು ಅರ್ಧ ಒಪ್ಪಿದೆ.

ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಪದಕದ ವಿಷಯಕ್ಕೆ ತಲೆ ಎತ್ತಲೇ ಇಲ್ಲ. "ಹಲಗೆ ಸಂದಿಗೆ ಏನು ತುಂಬಿದನಂತೆ?" ಅಂದರು. ದೀಪದ ಬತ್ತಿ, ಚಿತ್ರ ಬರೆಯುವವನ ಹತ್ತಿರ ಇದ್ದ ಎಣ್ಣೆ ಬಣ್ಣ, ಸೀಲ್ ಪ್ರಾಣಿಯ ರಕ್ತ ಅಂದೆ. ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು. "ರಕ್ತ ಅಂಟು ಹಿಡಿಯುತ್ತೆ. ಒಳ್ಳೆ ಆಚಾರಿ," ಅಂದರು.

ಆದರೂ ನೀರು ಬರುತ್ತಿತ್ತಂತೆ ಅಪ್ಪ, ದಾರಿಯುದ್ದಕ್ಕೂ ಮೊಗೆದು ಹಾಕಿದರಂತೆ ಅಂದೆ.

"ಮೇಲೆ ಕ್ಯಾನ್ವಾಸಿಂದ ಬಂದಿದ್ದು ಲೆಕ್ಕಕ್ಕಿಲ್ಲ," ಅಂದರು. "ಸಂದಿಯಿಂದ ಬಂತಾ ಅಂತ ಅವರನ್ನ ಕೇಳು."