ಮನೆಯಲ್ಲಿ ಮಾಡಿದ ಬ್ರೆಡ್ ಟಿನ್: ತಳದಲ್ಲಿ ಬಿಳಿ ಪುಡಿ, ಬಿಟ್ಟುಕೊಂಡ ಮೂಲೆ

ಹೊಸಗೈ: ಎಲ್ಲರಿಗೂ ನಮಸ್ಕಾರ. ನನಗೆ ಬೇಕಾದ ಅಳತೆಯ ಬ್ರೆಡ್ ಟಿನ್ ಎಲ್ಲೂ ಸಿಗದೆ, ಹಳೇ ತಗಡು ಕತ್ತರಿಸಿ ನಾನೇ ಮಾಡಿಕೊಂಡೆ. ನಾಲ್ಕೂ ಮೂಲೆಗೆ ಬೆಸುಗೆ ಹಾಕಿದ್ದೇನೆ. ಹುಳಿ ಹಿಟ್ಟಿನ ಬ್ರೆಡ್ ಎರಡು ಸಲ ಬೇಯಿಸಿದ್ದಾಯ್ತು. ಈಗ ಒಳಗೆ ತಳದಲ್ಲಿ ಬಿಳಿ ಪುಡಿ. ತೊಳೆದಿಟ್ಟರೂ ಮಾರನೇ ದಿನ ಮತ್ತೆ ಅದೇ. ನಿನ್ನೆ ಖಾಲಿ ಟಿನ್ನನ್ನು 220 ಡಿಗ್ರಿಯಲ್ಲಿ ಕಾಯಿಸಿದರೆ ಒಂದು ಮೂಲೆ ಬಿಟ್ಟುಕೊಂಡಿತು. ಈ ತಗಡು ಆಗಿಬರುತ್ತಾ? ಮೂಲೆಗೆ ಮತ್ತೆ ಬೆಸುಗೆ ಹಾಕಿದರೆ ಸಾಕಾ?

ಕುಲುಮೆ: ಸದ್ಯಕ್ಕೆ ಅದರಲ್ಲಿ ಏನೂ ಬೇಯಿಸಬೇಡಿ. ಮ್ಯಾಗ್ನೆಟ್ ಹಿಡಿಯುತ್ತಾ? ತಗಡಿನ ಮೇಲೆ ಹರಳು ಹರಳಾದ ಚಿತ್ತಾರ ಇದೆಯಾ? ಬೆಸುಗೆಗೆ ಬಳಸಿದ ಸಾಲ್ಡರ್ (ಕರಗಿಸಿ ಅಂಟಿಸುವ ಲೋಹದ ತಂತಿ) ಸುರುಳಿಯ ಮೇಲೆ ಏನು ಬರೆದಿದೆ?

ಹೊಸಗೈ: ಮ್ಯಾಗ್ನೆಟ್ ಗಟ್ಟಿಯಾಗಿ ಹಿಡಿಯುತ್ತೆ, ಚಿತ್ತಾರವೂ ಇದೆ. ಸಾಲ್ಡರ್ ರೇಡಿಯೋ ರಿಪೇರಿಗೆ ಇಟ್ಟುಕೊಂಡಿದ್ದು. 60/40 ಅಂತಿದೆ.

ಕುಲುಮೆ: ಹಾಗಾದರೆ ನೀವು ಕೇಳಿದ್ದು ತಗಡಿನ ಬಗ್ಗೆ, ನನಗೆ ಭಯ ಆಗಿದ್ದು ಮೂಲೆಯ ಬಗ್ಗೆ. 60/40 ಅಂದರೆ 60 ಪಾಲು ತವರ, 40 ಪಾಲು ಸೀಸ. ಅದು 183 ಡಿಗ್ರಿಗೇ ಮೆತ್ತಗಾಗಿ 190ರ ಹೊತ್ತಿಗೆ ಪೂರ್ತಿ ನೀರಾಗುತ್ತದೆ. ನಿಮ್ಮ ಓವನ್ 220ರಲ್ಲಿತ್ತು, ಮೂಲೆ ಬಿಡದೆ ಇನ್ನೇನಾದೀತು? ಹಿಟ್ಟು ತುಂಬಿದ್ದಾಗ ತೇವದಿಂದ ಮೂಲೆ ಅಷ್ಟು ಕಾಯದೆ ಉಳಿದಿರಬಹುದು. ಆದರೆ ಕರಗದಿದ್ದರೂ ಹುಳಿ ತಾಗಿದ ಸೀಸ ಸ್ವಲ್ಪ ಸ್ವಲ್ಪವಾಗಿ ಆಹಾರಕ್ಕೆ ಬಿಡುತ್ತದೆ. ಇಷ್ಟಾದರೆ ಪರವಾಗಿಲ್ಲ ಅನ್ನುವ ಪ್ರಮಾಣ ಸೀಸಕ್ಕೆ ಇಲ್ಲ, ಅದರಲ್ಲೂ ಮಕ್ಕಳಿಗೆ.

ತಗಡು ಸತು ಲೇಪಿಸಿದ ಜಿಐ (ಗ್ಯಾಲ್ವನೈಸ್ಡ್ ಕಬ್ಬಿಣ) ಶೀಟ್. ಆ ಬಿಳಿ ಪುಡಿ ಸತುವಿನ ತುಕ್ಕು. ಕಬ್ಬಿಣಕ್ಕೆ ಕೆಂಪು ತುಕ್ಕು, ಸತುವಿಗೆ ಬಿಳಿ.

ಓವನ್ ಪಕ್ಕ: ಸತು ಕರಗೋದು 419 ಡಿಗ್ರಿಯಲ್ಲಿ. ಮನೆ ಓವನ್‌ನಲ್ಲಿ ಬ್ರೆಡ್ ಬೇಯಿಸುವಾಗ ಅಷ್ಟು ಬಿಸಿ ಬರಲ್ಲ. ತಗಡಿನ ಬಗ್ಗೆ ಇಷ್ಟು ಹೆದರಬೇಕಾ?

ಕುಲುಮೆ: ಹೊಗೆಯ ವಿಷಯಕ್ಕೆ ನಿಮ್ಮ ಮಾತು ನಿಜ, ಬ್ರೆಡ್ ಬೇಯುವ ಬಿಸಿಯಲ್ಲಿ ಸತು ಆವಿಯಾಗುವುದಿಲ್ಲ. ಆದರೆ ಇಲ್ಲಿ ಕೆಲಸ ಮಾಡುತ್ತಿರುವುದು ಹುಳಿ. ಹುದುಗಿದ ಹುಳಿ ಹಿಟ್ಟಿನ ಪಿಎಚ್ (ಹುಳಿಯ ಅಳತೆ, 7ಕ್ಕಿಂತ ಕಡಿಮೆಯಾದಷ್ಟೂ ಹುಳಿ ಹೆಚ್ಚು) 4ರ ಆಸುಪಾಸು, ಅದು ಗಂಟೆಗಟ್ಟಲೆ ಟಿನ್‌ನಲ್ಲೇ ಉಬ್ಬುತ್ತಾ ಕೂತಿರುತ್ತದೆ. ಆಮ್ಲಕ್ಕೆ ಸತು ಸುಲಭವಾಗಿ ಕರಗುತ್ತದೆ, ಹೆಚ್ಚು ಹೊಟ್ಟೆಗೆ ಹೋದರೆ ವಾಂತಿ, ಹೊಟ್ಟೆನೋವು. ಹುಳಿ ಪದಾರ್ಥಕ್ಕೆ ಗ್ಯಾಲ್ವನೈಸ್ಡ್ ಪಾತ್ರೆ ಬಳಸಬಾರದೆಂದು ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಫುಡ್ ಕೋಡ್ ಹೇಳುವುದೂ ಇದೇ ಕಾರಣಕ್ಕೆ. ಮೇಲಾಗಿ ಆ ಲೇಪದಲ್ಲಿ ಸೀಸ, ಕ್ಯಾಡ್ಮಿಯಂ ಎಂಬ ವಿಷಲೋಹ ಕೂಡ ಅಲ್ಪಸ್ವಲ್ಪ ಬೆರೆತಿರಬಹುದು.

ಹೊಸಗೈ: ವಿನೆಗರ್‌ನಲ್ಲಿ ನೆನೆಸಿ ಸತು ತೆಗೆದು, ಸೀಸವಿಲ್ಲದ ಸಾಲ್ಡರ್ ಹಾಕಿದರೆ? ತುಂಬಾ ಕಷ್ಟಪಟ್ಟು ಮಾಡಿದ್ದು ಸರ್.

ಕುಲುಮೆ: ಕಷ್ಟ ಅರ್ಥವಾಗುತ್ತದೆ, ಆದರೂ ಬೇಡ. ಮಡಿಕೆಯ ಸಂದಿಯಲ್ಲಿ ಸತು ಉಳಿದೇ ಉಳಿಯುತ್ತದೆ, ಸೀಸ ಆಗಲೇ ತಗಡಿಗೆ ಸವರಿಕೊಂಡಿದೆ. ಬೆಂಕಿಗೆ ಹಾಕಿ ಸುಡುವ ಯೋಚನೆಯಂತೂ ಮಾಡಲೇಬೇಡಿ, ಆ ಸತುವಿನ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಸೀಸವಿಲ್ಲದ ಸಾಮಾನ್ಯ ಸಾಲ್ಡರ್ ಕೂಡ 217 ಡಿಗ್ರಿಗೆ ಕರಗಲು ಶುರು. ಬೆಳ್ಳಿ ಬೆಸುಗೆ ಬಿಸಿ ತಡೆಯುತ್ತದೆ, ಆದರೆ ಕೆಲವು ಬಗೆಗಳಲ್ಲಿ ಕ್ಯಾಡ್ಮಿಯಂ ಇರುತ್ತದೆ.

ಓವನ್ ತಳದಲ್ಲಿ ಬೆಸುಗೆಯ ಹನಿ ಬಿದ್ದಿದೆಯಾ ನೋಡಿ. ತಣ್ಣಗಾದ ಮೇಲೆ ಎತ್ತಿ ತೆಗೆದು ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬ್ರಷ್‌ನಿಂದ ಕೆರೆಯಬೇಡಿ. ಆ ಬ್ರೆಡ್ಡನ್ನು ಮಕ್ಕಳೋ ಗರ್ಭಿಣಿಯರೋ ತಿಂದಿದ್ದರೆ ವೈದ್ಯರಿಗೆ ಹೇಳಿ, ರಕ್ತದಲ್ಲಿನ ಸೀಸದ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಹೊಸಗೈ: ತಿಂದಿದ್ದು ನಾನೊಬ್ಬನೇ. ನಾನೂ ಪರೀಕ್ಷೆ ಮಾಡಿಸುತ್ತೇನೆ. ಹೊಸದಕ್ಕೆ ಯಾವ ತಗಡು?

ಮಡಿಕೆ: ನಾನು ಇಂಥವನ್ನು 3003 ದರ್ಜೆಯ ಅಲ್ಯೂಮಿನಿಯಂನಲ್ಲಿ ಮಾಡುತ್ತೇನೆ. ಕೈಯಲ್ಲೇ ಚೆನ್ನಾಗಿ ಮಡಚುತ್ತೆ, ಸ್ಟೇನ್‌ಲೆಸ್‌ಗಿಂತ ಸುಮಾರು ಹತ್ತು ಪಟ್ಟು ಚೆನ್ನಾಗಿ ಬಿಸಿ ಹರಡುತ್ತೆ. ಆದರೆ ಹುಳಿ ಹಿಟ್ಟನ್ನು ರಾತ್ರಿಯಿಡೀ ಟಿನ್‌ನಲ್ಲೇ ಇಡೋದಾದರೆ 304 ದರ್ಜೆಯ ಸ್ಟೇನ್‌ಲೆಸ್ ವಾಸಿ. ದರ್ಜೆ ಗೊತ್ತಿಲ್ಲದ ತುಂಡು ಬೇಡ: ಲೇತ್ ಕೆಲಸಕ್ಕೆಂದೇ ಬರುವ 2011 ದರ್ಜೆಯ ಅಲ್ಯೂಮಿನಿಯಂನಲ್ಲಿ ಸೀಸ ಬೆರೆಸಿರುತ್ತಾರೆ, ಸುಲಭವಾಗಿ ಕತ್ತರಿಸಲು ಬರುವ ಹಿತ್ತಾಳೆಯಲ್ಲೂ ಅಷ್ಟೆ.

ಬೆಸುಗೆ ಬೇಕಾಗೇ ಇಲ್ಲ. ಮೂಲೆಯನ್ನು ಕತ್ತರಿಸದೆ, ಹೆಚ್ಚಾದ ತಗಡನ್ನು ಲಕೋಟೆಯ ಹಾಗೆ ತ್ರಿಕೋನವಾಗಿ ಹೊರಗೆ ಮಡಚಿ ಪಕ್ಕಕ್ಕೆ ಒತ್ತಿ. ಮೇಲಂಚನ್ನು ಅದರ ಮೇಲೆ ಸುತ್ತಿಬಿಟ್ಟರೆ ಬಿಚ್ಚಿಕೊಳ್ಳಲ್ಲ. ಮೊದಲು ದಪ್ಪ ಕಾಗದದಲ್ಲಿ ಮಡಚಿ ನೋಡಿ.

ಹೊಸಗೈ: 304ರಲ್ಲೇ ಮಾಡಿದೆ. ಎರಡು ಮೂಲೆ ಸ್ವಲ್ಪ ಸೊಟ್ಟ, ಆದರೆ ನೀರು ತುಂಬಿಸಿಟ್ಟರೆ ಒಂದು ಹನಿಯೂ ಸೋರಲಿಲ್ಲ. ಹಳೇ ಟಿನ್ ಯಾರೂ ಎತ್ತಿಕೊಂಡು ಬಳಸಬಾರದೆಂದು ಚಪ್ಪಟೆ ಬಡಿದು, ಸೀಸ ಇದೆ ಅಂತ ಬರೆದು ಗುಜರಿಗೆ ಕೊಟ್ಟೆ.

ಮಡಿಕೆ: ಹಾಗಾದರೆ ತಗಡಿನ ಎಣ್ಣೆ ಹೋಗುವಂತೆ ಬಿಸಿನೀರು, ಸೋಪಿನಲ್ಲಿ ಎರಡು ಸಲ ಉಜ್ಜಿ, ಆಮೇಲೆ ಹಿಟ್ಟು ಹಾಕಿ.